ಬಂದೆ ಎಂದವಳು, ಬಂಡೆ ಎನಿಸಿಕೊಂಡವಳು

ಬಂಡೆಕ್ಕನ ಮುತ್ತಜ್ಜ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಅವನಿಗೆ 'ಎದುರುಗಾಡಿ' ಎಂಬ ಅಡ್ಡಹೆಸರು ಬಿದ್ದದ್ದು ಒಂದು ಸೇತುವೆಯ ಮೇಲೆ. ಒಂದೇ ಗಾಡಿ ಹಿಡಿಸುವಷ್ಟು ಅಗಲದ ಸೇತುವೆ. ಅವನ ಗಾಡಿ ಮುಕ್ಕಾಲು ಪಾಲು ದಾಟಿತ್ತು, ಎದುರಿನಿಂದ ದೊಡ್ಡ ಅಧಿಕಾರಿಯೊಬ್ಬನ ಮೋಟಾರು ಬಂತು. ಹಿಂದಕ್ಕೆ ಸರಿ ಎಂದು ಹಾರನ್ನಿನ ಮೇಲೆ ಹಾರನ್ನು. ಮುತ್ತಜ್ಜ ಕೆಳಗಿಳಿದು ಎತ್ತುಗಳ ಮುಂದೆ ಒಂದು ಹೊರೆ ಹುಲ್ಲು ಸುರಿದ. ತಾನು ನೊಗಕ್ಕೆ ಒರಗಿ ಬೀಡಿ ಹಚ್ಚಿದ. "ಎತ್ತಿಗೆ ಹಿಂದಕ್ಕೆ ನಡೆಯೋದು ಬರಲ್ಲ ಸ್ವಾಮಿ, ನಿಮ್ಮ ಮೋಟಾರಿಗೆ ಬರುತ್ತಲ್ಲ" ಎಂದ. ಮೋಟಾರು ಹಿಂದಕ್ಕೆ ಹೋಯಿತು.

ಅಜ್ಜಿಯದು ಸೈಕಲ್ಲು. ಅವರ ಬೀದಿಯಲ್ಲಿ ಹೆಂಗಸರು ಸೈಕಲ್ಲಿನ ಹಿಂದೆ ಕೂರುವುದಕ್ಕೂ ನಾಚುತ್ತಿದ್ದ ಕಾಲದಲ್ಲಿ ಅವಳು ಹಾಲಿನ ಕ್ಯಾನು ಕಟ್ಟಿಕೊಂಡು ತಾನೇ ತುಳಿದಳು. ಮೊದಲ ದಿನವೇ ಕ್ಯಾನಿನ ಸಮೇತ ಚರಂಡಿಗೆ ಬಿದ್ದಳು. ಜಗುಲಿಗಳ ಮೇಲೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರನೆಯ ದಿನ ಅದೇ ಜಗುಲಿಗಳ ಮುಂದೆ ಬೆಲ್ಲು ಬಾರಿಸುತ್ತಾ ಹೋದಳು. ನಕ್ಕವರ ಮನೆಗೆ ಹಾಲು ಅಳೆಯುವಾಗ ಅದುವರೆಗೆ ಹಾಕುತ್ತಿದ್ದ ಕೊಸರು ನಿಂತುಹೋಯಿತು.

ತಂದೆ ಬಸ್ಸಿನ ಸೀಟು ಹೊಲಿಯುವವನು. ಒಬ್ಬ ಬಸ್ಸಿನ ಮಾಲೀಕ ಬಂದು, ಡ್ರೈವರಿನ ಸೀಟಿಗೆ ಹಳೇ ಸ್ಪಂಜೇ ಇರಲಿ, ಮೇಲೆ ಹೊಸ ರೆಕ್ಸಿನ್ ಎಳೆದುಬಿಡು ಎಂದ. ಅಪ್ಪ ಆ ಮಾಲೀಕನನ್ನೇ ಸೀಟಿನ ಮೇಲೆ ಕೂರಿಸಿ, ಹೊಂಡಗಳ ರಸ್ತೆಯಲ್ಲಿ ಬಸ್ಸು ಓಡಿಸಿಕೊಂಡು ಬಾ ಎಂದು ಕಳಿಸಿದ. ಮನುಷ್ಯ ಸೊಂಟ ಹಿಡಿದುಕೊಂಡು ಇಳಿದ, ಹೊಸ ಸ್ಪಂಜು ಬಂತು.

ಇಂಥವರ ಮನೆಯಲ್ಲಿ ಹಿರಿಮಗಳಾಗಿ ಹುಟ್ಟಿದವಳು ಇನ್ನು ಹೇಗಿರಬೇಕು? ಅಪ್ಪನ ಶೆಡ್ಡಿನಲ್ಲೇ ಸೂಜಿ ಹಿಡಿದಳು, ಅಪ್ಪನ ಕೈ ನಡುಗತೊಡಗಿದ ಮೇಲೆ ಮಿಷನ್ನಿನ ಮುಂದೆ ತಾನೇ ಕೂತಳು. ಅವಳ ಗಂಡ ಲಾರಿ ಡ್ರೈವರು. ಸೀಟು ಹೊಲಿಸಲು ಬಂದವನು, ಹೊಲಿಗೆ ಸೊಟ್ಟಗಿದೆ ಎಂದು ತಗಾದೆ ತೆಗೆದನಂತೆ. "ನೀನು ಸರಿಯಾಗಿ ಕೂತ್ಕೋ, ಹೊಲಿಗೆ ನೆಟ್ಟಗೆ ಕಾಣುತ್ತೆ" ಎಂದಳಂತೆ ಇವಳು. ಆ ಜಗಳ ಮದುವೆಗೆ ಬಂದು ನಿಂತಿತು, ಮದುವೆಯಾದ ಮೇಲೂ ನಿಲ್ಲಲಿಲ್ಲ.

ಗೇಮ್ ಡಬ್ಬಿ ಅವಳ ಕೈಗೆ ಬಂದದ್ದು ತಮ್ಮನಿಂದ. ತಮ್ಮ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದ. ಮಕ್ಕಳು ಬಂದು ಗಂಟೆಯ ಲೆಕ್ಕದಲ್ಲಿ ಆಡಿ ಹೋಗುತ್ತಿದ್ದವು. ಎಲ್ಲರ ಕೈಗೂ ಫೋನು ಬಂದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವಷ್ಟೇ ಉಳಿಯಿತು. ಬಾಗಿಲು ಹಾಕುವಾಗ ಒಂದು ಡಬ್ಬಿಯನ್ನು ತಂದು ಅಕ್ಕನ ಶೆಡ್ಡಿನಲ್ಲಿ ಹಳೇ ಟೀವಿಗೆ ಸಿಕ್ಕಿಸಿದ. ಅದರಲ್ಲಿ ಕಾರು ರೇಸಿನ ಆಟವಿತ್ತು.

"ಕೂತಲ್ಲೇ ಕೂತು ಕಾರು ಓಡಿಸೋದಾ? ನಿಮ್ಮ ಭಾವ ದಿನಾ ಮಾಡೋದು ಅದೇ ಅಲ್ವೇನೋ" ಎಂದಳು ಅಕ್ಕ.

"ಒಂದ್ಸಲ ಹಿಡಿದು ನೋಡಕ್ಕ. ಹೆಸರು ಕೇಳ್ತಿದೆ, ಏನಂತ ಹಾಕ್ಲಿ?"

ಆ ಹೊತ್ತಿಗೆ ಸರಿಯಾಗಿ ಶೆಡ್ಡಿನ ಹೊರಗೆ ಗಿರಾಕಿಯೊಬ್ಬ ಕೂಗಿದ. ಇವಳು ಕೂತಲ್ಲಿಂದಲೇ "ಬಂದೆ!" ಎಂದು ಗಂಟಲೆತ್ತಿದಳು. ತಮ್ಮ ಅದನ್ನೇ ಒತ್ತಿಬಿಟ್ಟ. ಇಂಗ್ಲಿಷಿನಲ್ಲಿ ದಕಾರಕ್ಕೂ ಡಕಾರಕ್ಕೂ ಒಂದೇ ಅಕ್ಷರ. ನೆಟ್ಟಿನಲ್ಲಿ ಎದುರು ಆಡಿದವರೆಲ್ಲ ಅದನ್ನು 'ಬಂಡೆ' ಎಂದೇ ಓದಿದರು. ಓದಿದ್ದು ತಪ್ಪಾದರೂ ಆಡಿದ್ದು ಹಾಗೇ ಇತ್ತು. ಹಿಂದಿನಿಂದ ಯಾರು ಎಷ್ಟೇ ಗುದ್ದಿದರೂ ಅವಳ ಕಾರು ದಾರಿ ಬಿಡುತ್ತಿರಲಿಲ್ಲ. ಹೀಗೆ ಬಂಡೆಕ್ಕ ಎಂಬ ಹೆಸರು ಪರದೆಯಿಂದ ಇಳಿದು ಬೀದಿಗೆ ಬಂದು, ಕೊನೆಗೆ ಮನೆಯೊಳಗೂ ಕೂತಿತು.

ಅವಳ ಜೊತೆಗೆ ಇನ್ನಿಬ್ಬರು ಸೇರಿದರು. ಒಬ್ಬಳು ತಂಗಿ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ಅವಳಷ್ಟು ತಣ್ಣಗೆ ತಿರುವು ಹಿಡಿಯುವವರು ಇಲ್ಲ. ಇನ್ನೊಬ್ಬಳು ತಮ್ಮನ ಹೆಂಡತಿ, ಜೆರಾಕ್ಸ್ ಅಂಗಡಿಯವಳು. ಅವಳ ಕಾರಿಗಿಂತ ಬಾಯಿ ಜೋರು. ಮೂವರದು ಒಂದು ಟೀಮು. ಆ ಆಟದಲ್ಲಿ ನಮ್ಮ ದೇಶದ ಹೆಂಗಸರ ಟೀಮುಗಳದ್ದೇ ಒಂದು ಪಂದ್ಯಾವಳಿ ನಡೆಯುತ್ತದೆ. ಅದರಲ್ಲಿ ಇವರು ಗೆದ್ದದ್ದೂ ಉಂಟು, ಮಣ್ಣು ಮುಕ್ಕಿದ್ದೂ ಉಂಟು. ಊಟದ ಬಿಡುವಿನಲ್ಲಿ ಶೆಡ್ಡಿನ ಬಾಗಿಲು ಹಾಕಿ ಮೂವರೂ ಕಿರುಚಾಡುವುದನ್ನು ಕೇಳಿ ಪಕ್ಕದ ಪಂಕ್ಚರ್ ಅಂಗಡಿಯವನು, ಒಳಗೆ ಆಸ್ತಿ ಪಾಲಾಗುತ್ತಿದೆ ಎಂದು ಬಹಳ ಕಾಲ ತಿಳಿದುಕೊಂಡಿದ್ದ.

ಆಮೇಲೆ ಗಂಡ ಬೇರೆ ದೇಶಕ್ಕೆ ಹೋದ, ಅಲ್ಲಿ ದೊಡ್ಡ ಗಾಡಿಗಳನ್ನು ಓಡಿಸಲು. ಕಾಲೂರಿದ ಮೇಲೆ ಇವಳನ್ನೂ ಕರೆಸಿಕೊಂಡ. ಬಂಡೆಕ್ಕ ಪೆಟ್ಟಿಗೆ ಕಟ್ಟುವಾಗ ಮೊದಲು ಒಳಗೆ ಇಟ್ಟದ್ದು ಗೇಮ್ ಡಬ್ಬಿಯನ್ನು. ಅದಕ್ಕೆ ಸೀಟಿನ ರೆಕ್ಸಿನ್ನಿನಲ್ಲಿ ಅಳತೆಗೆ ಸರಿಯಾದ ಚೀಲ ಹೊಲಿದಿದ್ದಳು. ಬಟ್ಟೆಬರೆ ಅದರ ಸುತ್ತ ಸಂದಿ ತುಂಬಿಸಲು ಹೋದವು.

ಹೊಸ ಮನೆ ಎಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಪಕ್ಕದ ಮನೆಯ ಸಾಬೂನಿನ ವಾಸನೆ. ಪ್ಲಗ್ಗಿಗೆ ಮೂರು ಕಾಲು, ಗೋಡೆಯಲ್ಲಿ ಎರಡೇ ಕಣ್ಣು. ಗಂಡ ಮೂರು ಅಂಗಡಿ ತಿರುಗಿ ಅದಕ್ಕೊಂದು ಜೋಡಣೆ ತಂದ. ಟೀವಿಯಲ್ಲಿ ಬೆಳಕು ಹತ್ತಿತು. ಬಂಡೆಕ್ಕ ಸೊಂಟ ಕಟ್ಟಿ ಕೂತಳು. ಆಗ ಡಬ್ಬಿ ಒಂದು ಪ್ರಶ್ನೆ ಕೇಳಿತು: ನೀವು ಬೇರೆ ದೇಶಕ್ಕೆ ಬಂದಂತಿದೆ, ನಿಮ್ಮ ದೇಶವನ್ನು ಬದಲಾಯಿಸಬೇಕೇ? ಕೆಳಗೆ ಎರಡು ಗುಂಡಿ. ಒಂದು 'ಹೌದು', ಇನ್ನೊಂದು 'ಈಗ ಬೇಡ'.

ತಮ್ಮನಿಗೆ ಫೋನು ಹೋಯಿತು. ತಮ್ಮ ಬಿಡಿಸಿ ಹೇಳಿದ. ಹೌದು ಎಂದರೆ ಆಟ ಅಲ್ಲಿಯ ಹತ್ತಿರದ ನೆಟ್ಟಿಗೆ ಸೇರಿಕೊಳ್ಳುತ್ತದೆ, ಕಾರು ಎಣ್ಣೆ ಹಾಕಿದ ಹಾಗೆ ಓಡುತ್ತದೆ. ಆದರೆ ಇಲ್ಲಿಯ ಟೀಮು, ಇಲ್ಲಿಯ ಪಂದ್ಯಾವಳಿ, ಇಲ್ಲಿಯ ಹೆಸರು ಮೂರೂ ಹೋಗುತ್ತವೆ. ಬೇಡ ಎಂದರೆ ಎಲ್ಲ ಉಳಿಯುತ್ತದೆ. ಆದರೆ ನೀನು ಒತ್ತಿದ್ದು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ತಡವಾಗುತ್ತದೆ.

ಬಂಡೆಕ್ಕ 'ಈಗ ಬೇಡ' ಒತ್ತಿದಳು. ತಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ತಿರುವಿನಲ್ಲಿ ಎಡಕ್ಕೆ ಎಳೆದರೆ ಕಾರು ಒಂದು ಗುಟುಕು ಯೋಚನೆ ಮಾಡಿ, ಆಮೇಲೆ ತಿರುಗುತ್ತಿತ್ತು. ಅಷ್ಟರೊಳಗೆ ಗೋಡೆ ಬಂದಿರುತ್ತಿತ್ತು.

"ಹೌದು ಅಂತ ಒತ್ತಿಬಿಡೇ ಮಾರಾಯ್ತಿ. ದೇಶ ಬಿಟ್ಟು ಬಂದಾಯ್ತು, ಡಬ್ಬಿಗೇನು ಬೇರೆ ಮರ್ಯಾದೆ?" ಎಂದ ಗಂಡ.

"ನೀವು ಬಂದು ಎಷ್ಟು ವರ್ಷ ಆಯ್ತು? ಕನಸಲ್ಲಿ ಗಾಡಿ ಓಡಿಸ್ತೀರಲ್ಲ, ಯಾವ ರಸ್ತೇಲಿ?"

ಡ್ರೈವರು ತಲೆ ಕೆರೆದುಕೊಂಡ. "ನಮ್ಮೂರ ರಸ್ತೇಲೇ. ಅದೂ ಹಾರನ್ ಹೊಡ್ಕೊಂಡು."

"ಮತ್ತೆ? ಸುಮ್ನೆ ಟೀ ಕುಡೀರಿ."

ಡಬ್ಬಿ ಹಚ್ಚಿದಾಗಲೆಲ್ಲ ಅದೇ ಪ್ರಶ್ನೆ ಕೇಳುತ್ತಿತ್ತು, ಇವಳು ಅದೇ ಉತ್ತರ ಕೊಡುತ್ತಿದ್ದಳು. ಅದಕ್ಕೂ ಬೇಸರವಿಲ್ಲ, ಇವಳಿಗೂ ಇಲ್ಲ.

ಬೇಸರ ಬಂದದ್ದು ಅತ್ತಲಿನವರಿಗೆ. ಆ ಪಂದ್ಯಾವಳಿಯ ನಿಯಮ ಹೀಗಿದೆ: ಮೊದಲ ಕಾರು ಕೊನೆಯ ಗೆರೆ ದಾಟಿದ ಮೇಲೆ ಸ್ವಲ್ಪ ಹೊತ್ತು ಅಲ್ಲಿಯ ಬಾಗಿಲು ತೆರೆದಿರುತ್ತದೆ. ಅಷ್ಟರಲ್ಲಿ ಟೀಮಿನ ಮೂರೂ ಕಾರು ಒಳಗೆ ಬರಬೇಕು. ಒಂದು ಹೊರಗೆ ಉಳಿದರೂ ಮೂರೂ ಹೊರಗೆ. ತಂಗಿ ಮುಂದೆ ಬಂದು, ತಮ್ಮನ ಹೆಂಡತಿ ನಡುವೆ ಬಂದು, ಇಬ್ಬರೂ ತಿರುಗಿ ನೋಡಿದರೆ ಬಂಡೆಕ್ಕನ ಕಾರು ಎಲ್ಲೋ ಬೇಲಿಗೆ ಮುತ್ತು ಕೊಡುತ್ತಿರುತ್ತಿತ್ತು. ಅಭ್ಯಾಸದ ಓಟಗಳಲ್ಲೆಲ್ಲ ಹೀಗೇ ಆಯಿತು. ನಿಜವಾದ ಓಟ ಬರುವ ಭಾನುವಾರ. ತಮ್ಮನ ಹೆಂಡತಿ ಫೋನಿನಲ್ಲಿ ಬಾಯಿ ಬಿಟ್ಟಳು.

"ಅತ್ತಿಗೆ, ತಪ್ಪು ತಿಳ್ಕೋಬೇಡಿ."

"ನೀನು ಹಾಗೆ ಶುರು ಮಾಡಿದ್ರೆ ತಪ್ಪು ಮುಂದೆ ಇದೆ ಅಂತಾನೇ ಅರ್ಥ. ಹೇಳು."

"ಔಷಧಿ ಅಂಗಡೀಲಿ ಒಬ್ಬಳು ಹುಡುಗಿ ಇದಾಳೆ. ಚೆನ್ನಾಗಿ ಓಡಿಸ್ತಾಳೆ. ನಿಮ್ಮ ಜಾಗದಲ್ಲಿ ಈ ಸಲಕ್ಕೆ ಮಾತ್ರ..."

"ಸೀಟು ಹೊಲಿದವಳು ನಾನು. ಒಂದ್ಸಲ ಬೇರೆಯವರು ಕೂತ್ರೆ ಸೀಟು ಅವರ ಮೈಗೆ ಹೊಂದ್ಕೊಂಡ್ಬಿಡುತ್ತೆ. ನನಗೆ ಹೇಳ್ಕೊಡ್ತೀಯಾ?"

ತಂಗಿ ನಡುವೆ ಬಂದಳು. ಅವಳದು ಯಾವಾಗಲೂ ಸೂಜಿ ಚುಚ್ಚುವ ಮುಂಚಿನ ದನಿ. "ಅಕ್ಕ, ಸ್ವಲ್ಪ ಕೇಳು. ನೀನು ಅಲ್ಲಿ ಹೊಸ ಹೆಸರು ಮಾಡ್ಕೊಂಡು ಅಲ್ಲಿಯವರ ಜೊತೆ ಆರಾಮಾಗಿ ಆಡಬಹುದಲ್ವಾ? ಇಷ್ಟು ದೂರದಿಂದ ಯಾಕೆ ಒದ್ದಾಡ್ತೀಯ?"

ಬಂಡೆಕ್ಕನಿಗೆ ಆ ಮಾತು ಎಲ್ಲಿ ಮುಟ್ಟಬೇಕೋ ಅಲ್ಲಿಗೇ ಮುಟ್ಟಿತು. ಹೊಸ ಊರಿನಲ್ಲಿ ಅವಳಿಗೆ ಕೆಲಸವಿತ್ತು, ಗಂಡನಿದ್ದ, ಬೇಕಾದಷ್ಟು ಬೆಳಕು ಬರುವ ಕಿಟಕಿಯಿತ್ತು. ಬೈಯಲು ಹಕ್ಕಿರುವವರು ಮಾತ್ರ ಇರಲಿಲ್ಲ. ಅವಳನ್ನು ಹೆಸರು ಹಿಡಿದು ಬೈದು, ಕಾರಿನ ಹಿಂದೆ ಗುದ್ದಿ, ಮರುಕ್ಷಣ "ಊಟ ಆಯ್ತಾ" ಎಂದು ಕೇಳುವವರು ಇರುವುದು ಆ ಮೂರು ಕಾರಿನ ಟೀಮಿನಲ್ಲಿ. ಆ ಜಾಗ ಹೋದರೆ ಅವಳು ಅಲ್ಲಿಗೆ ಫೋನು ಮಾಡುವ ನೆಂಟಳಾಗುತ್ತಾಳೆ, ಅಷ್ಟೆ. ಹಾಗಂತ ಅವಳು ಅವರಿಗೆ ಹೇಳಲಿಲ್ಲ. ಹೇಳಿದ್ದು ಬೇರೆ:

"ಭಾನುವಾರ ನಾನೇ ಓಡಿಸ್ತೀನಿ. ಬಾಗಿಲು ಮುಚ್ಚೋದ್ರೊಳಗೆ ಗೆರೆ ದಾಟಲಿಲ್ಲ ಅಂದ್ರೆ, ನೀವು ಎಬ್ಬಿಸೋದು ಬೇಡ, ನಾನೇ ಎದ್ದು ಹೋಗ್ತೀನಿ. ಔಷಧಿ ಅಂಗಡಿಯವಳಿಗೆ ಅಲ್ಲೀ ತನಕ ಮಾತ್ರೆ ಎಣಿಸ್ಕೊಂಡು ಇರೋಕೆ ಹೇಳು."

ಹೇಳಿದ್ದೇನೋ ಹೇಳಿದಳು. ಕಾರು ಮಾತು ಕೇಳಬೇಕಲ್ಲ. ಅವಳು ಅಲ್ಲಿ ಕೆಲಸಕ್ಕೆ ಸೇರಿದ್ದೂ ಸೀಟು ಹೊಲಿಯುವ ಕಾರ್ಖಾನೆಗೇ. ಆ ಮಿಷನ್ನುಗಳದೂ ಇದೇ ಕಥೆ. ಪೆಡಲಿನಿಂದ ಕಾಲೆತ್ತಿದ ಮೇಲೂ ಸೂಜಿ ಎರಡು ಹೊಲಿಗೆ ಮುಂದಕ್ಕೆ ಓಡಿಯೇ ನಿಲ್ಲುತ್ತಿತ್ತು, ಮೂಲೆ ತಪ್ಪುತ್ತಿತ್ತು. ಮೇಲ್ವಿಚಾರಕಿ ದಪ್ಪ ಕನ್ನಡಕದ ಹೆಂಗಸು. ಇವಳ ಭಾಷೆ ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ಅವಳು ಬಂದು, ಮೂಲೆ ಇನ್ನೂ ದೂರವಿರುವಾಗಲೇ ಇವಳ ಮೊಣಕಾಲನ್ನು ಮೇಲಕ್ಕೆತ್ತಿದಳು. ಸೂಜಿ ಓಡಿ, ಸರಿಯಾಗಿ ಮೂಲೆಯಲ್ಲಿ ನಿಂತಿತು. ಕಾರಿಗೂ ಹಾಗೇ ಮುಂಚೆ ಮಾಡಬೇಕು ಎಂಬುದು ಬಂಡೆಕ್ಕನ ತಲೆಗೆ ಹೊಳೆಯಿತು. ಆದರೆ ಎಷ್ಟು ಮುಂಚೆ? ಬೇಗ ಒತ್ತಿದರೆ ಒಳಗಿನ ಗೋಡೆ, ತಡವಾದರೆ ಹೊರಗಿನ ಗೋಡೆ. ಎರಡು ಗೋಡೆಗಳ ನಡುವೆ ಅವಳ ಕಾರು ಗಂಟೆಯ ನಾಲಿಗೆಯ ಹಾಗೆ ಬಡಿದಾಡಿತು.

ಶನಿವಾರ ಮಧ್ಯಾಹ್ನ ಗಂಡ ಅಡುಗೆಮನೆಯಿಂದ ಕರೆದ. "ಬಡಿಸಿಟ್ಟಿದ್ದೀನಿ, ಬಾರೇ."

"ಬಂದೆ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದ.

"ಬಂದೆ ಅಂದ್ನಲ್ಲ!"

ಗಂಡ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದ. "ಬಂದೆ ಬಂದೆ ಅಂತೀಯ, ಚಾಪೆ ಬಿಟ್ಟು ಎದ್ದಿಲ್ಲ. ಈ ದೇಶದವರ ಮುಂದೆ ಇದನ್ನ ಹೇಳಿದ್ರೆ ಹುಚ್ಚಿ ಅಂತಾರೆ. ಬರೋಕೆ ಮುಂಚೆ ಬಂದೆ ಅನ್ನೋ ಜನ ನಾವೊಬ್ರೇ ಕಣೇ."

ಬಂಡೆಕ್ಕ ಆಟ ನಿಲ್ಲಿಸಿದಳು. ನಿಜ. ಹಿಟ್ಟು ಮೆತ್ತಿದ ಕೈಯಲ್ಲಿ ಬಂದೆ ಎನ್ನುತ್ತೇವೆ, ಚಪ್ಪಲಿ ಹುಡುಕುತ್ತಾ ಬಂದೆ ಎನ್ನುತ್ತೇವೆ, ಕೂತಲ್ಲೇ ಕೂತು ಬಂದಾಗಿದೆ ಎನ್ನುತ್ತೇವೆ. ಮಾತು ಮೊದಲು ತಲುಪುತ್ತದೆ, ಮೈ ಆಮೇಲೆ ಹೋಗಿ ಮಾತನ್ನು ನಿಜ ಮಾಡುತ್ತದೆ. ಅವಳು ಗಂಡನ ಕಡೆ ನೋಡದೆ ಆಟದ ಹಿಡಿಯನ್ನು ಕೈಗೆತ್ತಿಕೊಂಡಳು. ತಿರುವು ಕಣ್ಣಿಗೆ ಬಿದ್ದ ಕೂಡಲೇ ಅದರ ಮೇಲಿನ ಕಡ್ಡಿಯನ್ನು ಎಡಕ್ಕೆ ಎಳೆದು, ಬಾಯಲ್ಲಿ "ಬಂದೆ" ಎಂದಳು. ಮಾತು ಮುಗಿಯುವುದಕ್ಕೂ ಕಾರು ಹೊರಳುವುದಕ್ಕೂ ಸರಿಹೋಯಿತು. ಮುಂದಿನ ತಿರುವು. ಎಳೆದಳು, "ಬಂದೆ." ಕಾರು ಗೋಡೆಯ ಪಕ್ಕದಲ್ಲಿ ಸವರಿಕೊಂಡು ಹೋಯಿತು. ಆ ಊರಿಗೂ ಈ ಊರಿಗೂ ನಡುವಿನ ತಡ ಎಷ್ಟೆಂದರೆ ಒಂದು 'ಬಂದೆ'ಯಷ್ಟು.

"ಊಟ?" ಎಂದ ಗಂಡ.

"ಬಂದೆ" ಎಂದಳು. ಅನ್ನ ಆರಿ ತಣ್ಣಗಾಯಿತು. ಡ್ರೈವರು ತಟ್ಟೆಯನ್ನು ತಂದು ಅವಳ ಪಕ್ಕದಲ್ಲಿಟ್ಟು, ತಾನೂ ಅಲ್ಲೇ ಕೂತ.

ಭಾನುವಾರದ ರಸ್ತೆ ಬೆಟ್ಟ ಹತ್ತಿ ಇಳಿಯುವ ರಸ್ತೆ, ಹೇರ್‌ಪಿನ್ ತಿರುವುಗಳದ್ದು. ಮೂವರೂ ಕಿವಿಗೆ ಹೆಡ್‌ಫೋನು, ಬಾಯಿಗೆ ಮೈಕು ಸಿಕ್ಕಿಸಿ ಕೂತರು. ತಮ್ಮ ಅತ್ತ ಹಿಂದೆ ನಿಂತಿದ್ದ. ಗಂಡ ಇತ್ತ, ತನ್ನ ಬಲಗಾಲಿನಿಂದ ನೆಲದ ಮೇಲೆ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ.

ಮೊದಲ ತಿರುವಿನಲ್ಲೇ ಬಂಡೆಕ್ಕ ಉಮೇದಿನಲ್ಲಿ ಮಾತು ನುಂಗಿ ಗೋಡೆಗೆ ಬಡಿದಳು. ಕಾರಿನ ಮುಂದಿನ ಬಂಪರು ಕಿತ್ತುಹೋಯಿತು. ಎಲ್ಲ ಕಾರುಗಳೂ ಅವಳನ್ನು ದಾಟಿ ಹೋದವು.

"ಅಯ್ಯೋ ಅತ್ತಿಗೆ!"

"ನಿನ್ನ ಮುಂದೆ ನೋಡೇ, ನನ್ನ ಮುಂದೆ ನಾನು ನೋಡ್ಕೋತೀನಿ."

ಎರಡನೆಯ ತಿರುವಿಗೆ ಮುಂಚೆ ಉಸಿರು ಬಿಟ್ಟು, "ಬಂದೆ." ಕಾರು ಹೊರಳಿತು. "ಬಂದೆ." ಒಬ್ಬಳನ್ನು ಹಿಂದೆ ಹಾಕಿದಳು. "ಬಂದೆ." ಇನ್ನೊಬ್ಬಳು.

"ಎಲ್ಲಿಗೆ ಬಂದ್ರಿ ಅತ್ತಿಗೆ? ಕಾಣ್ತಾನೇ ಇಲ್ವಲ್ಲ! ಸುಮ್ನೆ ಬಂದೆ ಬಂದೆ ಅಂತ ಆಸೆ ಹುಟ್ಟಿಸ್ತೀರಾ?"

"ಬಾಯಿ ಮುಚ್ಚೇ, ಲೆಕ್ಕ ತಪ್ಪುತ್ತೆ!"

ತಂಗಿ ಮೊದಲು ಗೆರೆ ದಾಟಿದಳು. ಬಾಗಿಲ ಗಡಿಯಾರ ಶುರುವಾಯಿತು. ತಮ್ಮನ ಹೆಂಡತಿ ಇನ್ನಿಬ್ಬರ ಹಿಂದೆ ನುಗ್ಗಿದಳು. ಈಗ ಬೆಟ್ಟದ ಇಳಿಜಾರಿನಲ್ಲಿ ಬಂಡೆಕ್ಕ ಒಬ್ಬಳೇ, ಹಿಂದೆ ಒಂದು ಹಳದಿ ಕಾರು ಗುದ್ದುತ್ತಿತ್ತು. ಗುದ್ದಿದಾಗಲೆಲ್ಲ ಪರದೆ ನಡುಗಿತು. ಅವಳು ದಾರಿ ಬಿಡಲಿಲ್ಲ. ಕೊನೆಯ ತಿರುವು ಬಂತು. ಅತ್ತಲಿಂದ ಮೂವರೂ ಒಟ್ಟಿಗೆ ಕೂಗಿದ್ದು ಕಿವಿಗೆ ಬಿತ್ತು. ಯಾರು ಏನೆಂದರೋ ದೇವರೇ ಬಲ್ಲ. ಅವಳು ರಸ್ತೆ ಇನ್ನೂ ನೆಟ್ಟಗಿರುವಾಗಲೇ ಕಡ್ಡಿ ಎಳೆದಳು. ನೋಡುತ್ತಿದ್ದ ಡ್ರೈವರು "ಹೋಯ್ತು!" ಎಂದು ಕಣ್ಣು ಮುಚ್ಚಿಕೊಂಡ. "ಬಂದೆ" ಎಂದಳು ಬಂಡೆಕ್ಕ. ಕಾರು ತಿರುವಿನೊಳಗೆ ಹೊರಳಿತು. ಬಂಪರಿಲ್ಲದ ಬೋಳು ಮೂತಿ ಗೆರೆ ದಾಟಿತು. ಹಿಂದೆ ಬಾಗಿಲು ಮುಚ್ಚಿತು, ಹಳದಿ ಕಾರು ಹೊರಗುಳಿಯಿತು.

ಮೈಕಿನಲ್ಲಿ ಕಿರುಚಾಟ ಇಳಿಯಲು ಬಹಳ ಹೊತ್ತು ಬೇಕಾಯಿತು. ಗಂಡ ಕಣ್ಣು ತೆರೆದು, "ನನ್ನ ಗಾಡಿ ಮಾತ್ರ ನಿನ್ನ ಕೈಗೆ ಕೊಡಲ್ಲ" ಎಂದ.

"ಔಷಧಿ ಅಂಗಡಿಯವಳಿಗೆ ಈಗ ಏನು ಹೇಳ್ಲಿ ಅತ್ತಿಗೆ?" ಎಂದಳು ತಮ್ಮನ ಹೆಂಡತಿ. ದನಿ ಸಣ್ಣದಾಗಿತ್ತು.

"ಗಂಟಲಿನ ಮಾತ್ರೆ ಇದ್ರೆ ನಿನಗೆ ಎರಡು ಕೊಡೋಕೆ ಹೇಳು."

ಪರದೆಯ ಮೇಲೆ ಹೊಸದೊಂದು ಮಾತು ಮೂಡಿತು. ನೀವು ಗೋಡೆಗೆ ತಾಗಿದ್ದೀರಿ, ಮುಂದಿನ ಓಟಕ್ಕೆ ಸಹಾಯ ಬೇಕೇ? ಬಂಡೆಕ್ಕ ಅದನ್ನು ಓದಿ ಹೇಳಿದ್ದು ಮೈಕಿನಲ್ಲಿ ತಮ್ಮನಿಗೂ ಕೇಳಿಸಿತು. "ಅಕ್ಕ, ಹಾಕ್ಕೋ ಅದನ್ನ. ತಿರುವು ಬಂದಾಗ ಕಾರೇ ಬ್ರೇಕು ಹಿಡಿಯುತ್ತೆ, ತಾನೇ ಹೊರಳುತ್ತೆ. ದೂರದಿಂದ ಆಡೋರಿಗೆ ಪಂದ್ಯದವರೇ ಬಿಟ್ಟಿದ್ದಾರೆ, ಮೋಸ ಅಲ್ಲ. ನಿನ್ನ ಹೆಸರಿನ ಪಕ್ಕ ಒಂದು ಕೈ ಗುರುತು ಬರುತ್ತೆ, ಅಷ್ಟೇ. ಮುಂದಿನ ಸುತ್ತಿನವರು ಭಾರೀ ಜೋರು."

ತಂಗಿ, "ಹಾಕ್ಕೋ ಅಕ್ಕ, ನಮಗೂ ಎದೆ ಬಡಿತ ಕಮ್ಮಿ ಆಗುತ್ತೆ" ಎಂದಳು.

ಗಂಡನೂ ದನಿಗೂಡಿಸಿದ. "ಇಲ್ಲಾಂದ್ರೆ ನಾನೇ ಹೊಸ ಡಬ್ಬಿ ತರ್ತೀನಿ, ಇನ್ನೂ ಚುರುಕಾದ್ದು. ಯಾಕೆ ಇಷ್ಟು ಕಷ್ಟ ಬೀಳ್ತೀಯ?"

ಬಂಡೆಕ್ಕ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡಳು.

"ನಾಲ್ಕು ಜನಾನೂ ಕೇಳಿಸ್ಕೊಳ್ಳಿ, ಎರಡನೇ ಸಲ ಹೇಳಲ್ಲ. ಹೊಸ ಡಬ್ಬಿ ಬೇಡ. ಆ ಕೈ ಗುರುತೂ ಬೇಡ, ನನಗೆ ದೇವರು ಕೊಟ್ಟಿರೋ ಕೈ ಎರಡಿದೆ. ಬ್ರೇಕು ನಾನು ಹಿಡೀತೀನಿ, ಗೋಡೆಗೆ ಹೊಡೆದ್ರೂ ನಾನೇ ಹೊಡೀತೀನಿ. ಸೋತ್ರೆ ಬಾಯಿಗೆ ಬಂದ ಹಾಗೆ ಬೈಯಿರಿ, ಅದು ನಿಮ್ಮ ಹಕ್ಕು, ಬೇಡ ಅನ್ನಲ್ಲ. ಸಹಾಯ ಅಂತ ಮಾತ್ರ ಇನ್ನೊಂದ್ಸಲ ಬಾಯಿ ಬಿಟ್ರೆ ನೋಡಿ."